ಊಟ ಎದೆಯಲ್ಲೇ ನಿಂತರೆ: ಅಕಲೇಸಿಯಾಗೆ ಪೋಯೆಮ್ ಚಿಕಿತ್ಸೆ, ಹಂತ ಹಂತವಾಗಿ

ಮುದ್ದೆ ತಿಂದು ಬೆಳೆದವರಿಗೆ ನುಂಗುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಾರಿನಲ್ಲಿ ಅದ್ದಿದ ತುತ್ತು ಅಗಿಯದೆಯೇ ಗಂಟಲಿನಿಂದ ಜಾರುತ್ತದೆ. ಆ ತುತ್ತು ಒಂದು ದಿನ ಎದೆಯ ನಡುವೆ ನಿಂತುಬಿಡುತ್ತದೆ. ಮೊದಲು ಅಪರೂಪಕ್ಕೆ, ಆಮೇಲೆ ದಿನಾ. ನೀರು ಕುಡಿದರೆ ನೀರೂ ಅಲ್ಲೇ ನಿಲ್ಲುತ್ತದೆ. ರಾತ್ರಿ ಮಲಗಿದಾಗ ತಿಂದದ್ದು ಬಾಯಿಗೆ ವಾಪಸ್ ಬರುತ್ತದೆ, ಕೆಮ್ಮು ಏಳುತ್ತದೆ, ದಿಂಬು ಒದ್ದೆಯಾಗುತ್ತದೆ. ತೂಕ ಇಳಿಯುತ್ತಾ ಹೋಗುತ್ತದೆ. ಇಂಥವರು ಬಹಳ ಸಲ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಲೇ ವರ್ಷಗಳನ್ನು ಕಳೆದಿರುತ್ತಾರೆ. ಕೆಲವರಿಗೆ ಅಸ್ತಮಾ ಎಂದು ಔಷಧಿ ಕೊಟ್ಟಿರುತ್ತಾರೆ. ಇನ್ನು ಕೆಲವರಿಗೆ "ಟೆನ್ಷನ್ ಜಾಸ್ತಿ, ಅಷ್ಟೇ" ಎಂದು ಹೇಳಿ ಕಳಿಸಿರುತ್ತಾರೆ.

ಇದು ಅಕಲೇಸಿಯಾ ಎಂಬ ಕಾಯಿಲೆ ಇರಬಹುದು. ವರ್ಷಕ್ಕೆ ಸುಮಾರು ಲಕ್ಷಕ್ಕೆ ಒಬ್ಬರಲ್ಲಿ ಹೊಸದಾಗಿ ಕಾಣಿಸಿಕೊಳ್ಳುವ ಕಾಯಿಲೆ. ಅಪರೂಪದ್ದು ನಿಜ, ಆದರೆ ಚಿಕಿತ್ಸೆ ಇದೆ. ಅದರಲ್ಲಿ ಮುಖ್ಯವಾದದ್ದು ಪೋಯೆಮ್, ಅಂದರೆ ಪರ್ ಓರಲ್ ಎಂಡೋಸ್ಕೋಪಿಕ್ ಮಯಾಟಮಿ. ಹೊಟ್ಟೆ, ಎದೆ ಎಲ್ಲೂ ಕೊಯ್ಯದೆ, ಬಾಯಿಯ ಮೂಲಕ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ಕೊಳವೆ) ಇಳಿಸಿ, ಬಿಗಿದ ಸ್ನಾಯುವನ್ನು ಒಳಗಿನಿಂದಲೇ ಸೀಳುವ ವಿಧಾನ. ರೋಗಿ ಮತ್ತು ಮನೆಯವರು ಯಾವ ಹಂತದಲ್ಲಿ ಏನು ಮಾಡಬೇಕು, ಏನು ಕೇಳಬೇಕು ಎಂಬುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ. ಆಪರೇಷನ್ ಒಂದೆರಡು ಗಂಟೆಯ ಕೆಲಸ. ಅದಕ್ಕೆ ಮುಂಚಿನ ಪರೀಕ್ಷೆಗಳು ಮತ್ತು ಆಮೇಲಿನ ಹಲವು ವರ್ಷಗಳ ಜಾಗ್ರತೆ ಸರಿಯಾಗಿದ್ದರೆ ಮಾತ್ರ ಅದು ಫಲ ಕೊಡುತ್ತದೆ. ನಮ್ಮಲ್ಲಿ ಜನ ಎಡವುವುದು ಆ ಎರಡು ತುದಿಗಳಲ್ಲೇ.

ಮೊದಲು ಕಾಯಿಲೆ ಅರ್ಥವಾಗಲಿ

ಅನ್ನನಾಳ ಸುಮ್ನೆ ಒಂದು ಪೈಪ್ ಅಲ್ಲ. ನಾವು ನುಂಗಿದಾಗ ಅದರ ಸ್ನಾಯುಗಳು ಮೇಲಿನಿಂದ ಕೆಳಕ್ಕೆ ಅಲೆಯ ಹಾಗೆ ಹಿಂಡುತ್ತವೆ. ಕೆಳತುದಿಯಲ್ಲಿ, ಅದು ಜಠರಕ್ಕೆ ಸೇರುವ ಕಡೆ, ಉಂಗುರದಂಥ ಒಂದು ಸ್ನಾಯು ಇದೆ. ಉಳಿದ ಹೊತ್ತು ಮುಚ್ಚಿರುತ್ತದೆ, ಆಹಾರ ಬಂದಾಗ ಸಡಿಲವಾಗುತ್ತದೆ. "ಈಗ ಸಡಿಲವಾಗು" ಎಂದು ಸಂದೇಶ ಕೊಡುವ ನರಕೋಶಗಳು ಅಕಲೇಸಿಯಾದಲ್ಲಿ ಸತ್ತುಹೋಗುತ್ತವೆ. ಯಾಕೆ ಎಂಬುದು ಹೆಚ್ಚಿನವರಲ್ಲಿ ಗೊತ್ತಾಗುವುದಿಲ್ಲ. ಕೆಳಗಿನ ಬಾಗಿಲು ತೆರೆಯುವುದಿಲ್ಲ, ಮೇಲಿನ ಅಲೆಯೂ ನಿಂತುಹೋಗುತ್ತದೆ. ಊಟ ಅನ್ನನಾಳದಲ್ಲೇ ತುಂಬಿಕೊಂಡು, ನಾಳ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ.

ಸತ್ತ ನರಕೋಶಗಳನ್ನು ಬದುಕಿಸುವ ಔಷಧಿ ಇಲ್ಲ. ಪೋಯೆಮ್ ಸೇರಿದಂತೆ ಎಲ್ಲ ಚಿಕಿತ್ಸೆಗಳೂ ಮಾಡುವುದು ಒಂದೇ ಕೆಲಸ: ಕೆಳಗಿನ ಬಿಗಿ ತೆಗೆಯುವುದು. ಆಮೇಲೆ ಆಹಾರ ಬಹುಮಟ್ಟಿಗೆ ತನ್ನ ಭಾರದಿಂದ ಇಳಿಯಬೇಕು. ಇದನ್ನು ಮೊದಲೇ ತಿಳಿದುಕೊಂಡವರಿಗೆ ಆಮೇಲೆ ನಿರಾಸೆಯಾಗುವುದಿಲ್ಲ.

ಹಂತ 1: ಲಕ್ಷಣಗಳನ್ನು ಬರೆದಿಡಿ, ಅಂಕ ಹಾಕಿ

ಡಾಕ್ಟರ ಮುಂದೆ ಕೂತಾಗ "ಊಟ ಸೇರಲ್ಲ" ಎಂದಷ್ಟೇ ಹೇಳಿದರೆ ಹಸಿವಿಲ್ಲ ಎಂದೂ ಅರ್ಥವಾಗಬಹುದು, ನುಂಗಲಾಗುತ್ತಿಲ್ಲ ಎಂದೂ ಆಗಬಹುದು. ಅದಕ್ಕೇ ಎಕಾರ್ಟ್ ಸ್ಕೋರ್ ಎಂಬ ಸರಳ ಲೆಕ್ಕ ಇದೆ. ಮನೆಯಲ್ಲೇ ಹಾಕಬಹುದು.

ಮೂರು ತೊಂದರೆಗಳಿಗೆ ಅಂಕ ಕೊಡಿ: ತುತ್ತು ಸಿಕ್ಕಿಕೊಳ್ಳುವುದು, ತಿಂದದ್ದು ವಾಪಸ್ ಬರುವುದು, ಎದೆನೋವು. ಇಲ್ಲವೇ ಇಲ್ಲ ಎಂದರೆ 0, ಆಗೊಮ್ಮೆ ಈಗೊಮ್ಮೆ ಎಂದರೆ 1, ದಿನಾ ಎಂದರೆ 2, ಪ್ರತಿ ಊಟದಲ್ಲೂ ಎಂದರೆ 3. ನಾಲ್ಕನೆಯದು ತೂಕ. ಇಳಿದಿಲ್ಲ ಎಂದರೆ 0, 5 ಕೆಜಿಗಿಂತ ಕಡಿಮೆ ಇಳಿದಿದ್ದರೆ 1, 5ರಿಂದ 10 ಕೆಜಿಗೆ 2, 10 ಕೆಜಿಗಿಂತ ಜಾಸ್ತಿ ಇಳಿದಿದ್ದರೆ 3. ಒಟ್ಟು 12ಕ್ಕೆ ಎಷ್ಟು ಬಂತು ಎಂದು ದಿನಾಂಕದ ಸಮೇತ ಬರೆದಿಡಿ. ಚಿಕಿತ್ಸೆಯ ನಂತರ ಇದು 3 ಅಥವಾ ಅದಕ್ಕಿಂತ ಕೆಳಗೆ ಬಂದರೆ ಯಶಸ್ಸು ಎನ್ನುತ್ತಾರೆ. ಮುಂದೆ ಹೋಲಿಸಿ ನೋಡಲು ಈ ಕಾಗದ ನಿಮಗೇ ಬೇಕಾಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಅಕಲೇಸಿಯಾದಲ್ಲಿ ಗಟ್ಟಿ ಆಹಾರ, ನೀರು ಎರಡೂ ಬಹುತೇಕ ಮೊದಲಿನಿಂದಲೇ ತೊಂದರೆ ಕೊಡುತ್ತವೆ. ಮೊದಲು ರೊಟ್ಟಿ ಮಾತ್ರ ಸಿಕ್ಕಿಕೊಳ್ಳುತ್ತಿತ್ತು, ಆಮೇಲೆ ಅನ್ನ, ಈಗ ಗಂಜಿಯೂ ಇಳಿಯುತ್ತಿಲ್ಲ, ಎಲ್ಲವೂ ಕೆಲವೇ ತಿಂಗಳಲ್ಲಿ ಆಯಿತು, ವಯಸ್ಸು 55 ದಾಟಿದೆ, ತೂಕ ಬೇಗ ಇಳಿದಿದೆ ಎಂದಾದರೆ ಕಾಯಬೇಡಿ. ಅನ್ನನಾಳದ ಕ್ಯಾನ್ಸರ್ ಹೀಗೆ ಕಾಣಿಸಿಕೊಳ್ಳುತ್ತದೆ. ಅದೇ ವಾರ ಎಂಡೋಸ್ಕೋಪಿ ಆಗಲಿ.

ಹಂತ 2: ಮೂರು ಪರೀಕ್ಷೆ, ಮೂರೂ ಬೇಕು

ಮೊದಲನೆಯದು ಎಂಡೋಸ್ಕೋಪಿ. ಇಲ್ಲಿ ಮುಖ್ಯವಾಗಿ ನೋಡುವುದು ಕ್ಯಾನ್ಸರ್ ಇಲ್ಲ ಎಂಬುದನ್ನು. ಜಠರದ ಬಾಯಿಯ ಹತ್ತಿರದ ಗೆಡ್ಡೆ ಅಕಲೇಸಿಯಾದ ಹಾಗೆಯೇ ನಟಿಸಬಲ್ಲದು. ಅನುಮಾನ ಇದ್ದರೆ ಸಿ.ಟಿ. ಸ್ಕ್ಯಾನ್ ಅಥವಾ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಕೂಡ ಮಾಡಿಸುತ್ತಾರೆ. ಒಂದು ಎಚ್ಚರಿಕೆ: ಕಾಯಿಲೆಯ ಶುರುವಿನಲ್ಲಿ ಎಂಡೋಸ್ಕೋಪಿ ಪೂರ್ತಿ ನಾರ್ಮಲ್ ಎಂದು ಬರಬಹುದು. ರಿಪೋರ್ಟ್ ನಾರ್ಮಲ್ ಇದ್ದೂ ತುತ್ತು ಇಳಿಯುತ್ತಿಲ್ಲ ಎಂದರೆ ಅಲ್ಲಿಗೇ ನಿಲ್ಲಿಸಬೇಡಿ.

ಎರಡನೆಯದು ಬೇರಿಯಂ ಎಕ್ಸ್‌ರೇ. ಬಿಳಿ ದ್ರವ ಕುಡಿಸಿ, ನಿಲ್ಲಿಸಿ ಚಿತ್ರ ತೆಗೆಯುತ್ತಾರೆ. ಮೇಲೆ ಹಿಗ್ಗಿದ ನಾಳ, ಕೆಳಗೆ ಚೂಪಾದ ತುದಿ ಕಾಣುತ್ತದೆ. ಇದನ್ನೇ ಬರ್ಡ್ ಬೀಕ್, ಅಂದರೆ ಹಕ್ಕಿಯ ಕೊಕ್ಕು ಎನ್ನುವುದು. "ಟೈಮ್ಡ್ ಬೇರಿಯಂ" ಮಾಡಿಸಿ ಎಂದು ಕೇಳಿ. ಅದರಲ್ಲಿ 1, 2 ಮತ್ತು 5 ನಿಮಿಷಕ್ಕೆ ಒಂದೊಂದು ಚಿತ್ರ ತೆಗೆದು, ದ್ರವ ಎಷ್ಟು ಎತ್ತರಕ್ಕೆ ನಿಂತಿದೆ ಎಂದು ಅಳೆಯುತ್ತಾರೆ. ಚಿಕಿತ್ಸೆಯ ನಂತರ ಮತ್ತೆ ಇದೇ ಪರೀಕ್ಷೆ ಮಾಡಿ ಹೋಲಿಸಬಹುದು. ಬರೀ ಮಾತಿನಲ್ಲಿ "ಪರವಾಗಿಲ್ಲ" ಅನ್ನುವುದಕ್ಕಿಂತ ಇದು ಗಟ್ಟಿ ಸಾಕ್ಷಿ.

ಮೂರನೆಯದು ಹೈ ರೆಸಲ್ಯೂಷನ್ ಮ್ಯಾನೊಮೆಟ್ರಿ. ಜನ ತಪ್ಪಿಸಿಕೊಳ್ಳಲು ನೋಡುವುದು ಇದನ್ನೇ, ಯಾಕೆಂದರೆ ಮೂಗಿನಿಂದ ಸಣ್ಣ ಟ್ಯೂಬ್ ಹಾಕುತ್ತಾರೆ. ಸ್ವಲ್ಪ ಹೊತ್ತು ಕಷ್ಟ, ಕಣ್ಣಲ್ಲಿ ನೀರು ಬರುತ್ತದೆ. ಟ್ಯೂಬ್ ಒಳಗೆ ಹೋದ ಮೇಲೆ 5 ಎಂ.ಎಲ್. ನೀರನ್ನು ಹತ್ತು ಸಲ ನುಂಗಿಸುತ್ತಾರೆ. ಅನ್ನನಾಳದ ಉದ್ದಕ್ಕೂ ಒತ್ತಡ ಎಲ್ಲೆಲ್ಲಿ ಎಷ್ಟು ಎಂಬುದು ಬಣ್ಣದ ಚಿತ್ರವಾಗಿ ಬರುತ್ತದೆ. ದಯವಿಟ್ಟು ಇದನ್ನು ಬಿಡಬೇಡಿ. ಚಿಕಿತ್ಸೆ ಯಾವುದು, ಸೀಳು ಎಷ್ಟು ಉದ್ದ ಎಂಬುದನ್ನು ತೀರ್ಮಾನಿಸುವುದು ಇದರ ಮೇಲೆಯೇ. ಎಲ್ಲ ಊರಿನಲ್ಲೂ ಈ ಯಂತ್ರ ಇರುವುದಿಲ್ಲ. ಮೆಡಿಕಲ್ ಗ್ಯಾಸ್ಟ್ರೊಎಂಟರಾಲಜಿ ವಿಭಾಗ ಇರುವ ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ, ಮ್ಯಾನೊಮೆಟ್ರಿ ಇದೆಯೇ ಎಂದು ಕೇಳಿಕೊಂಡೇ ಬಸ್ಸು ಹತ್ತಿ.

ಮ್ಯಾನೊಮೆಟ್ರಿ ರಿಪೋರ್ಟಿನಲ್ಲಿ ಟೈಪ್ 1, 2 ಅಥವಾ 3 ಎಂದು ಇರುತ್ತದೆ. ಟೈಪ್ 1ರಲ್ಲಿ ಅನ್ನನಾಳ ಸುಸ್ತಾಗಿ ಸುಮ್ಮನಾಗಿರುತ್ತದೆ. ಟೈಪ್ 2ರಲ್ಲಿ ನಾಳವಿಡೀ ಒಟ್ಟಿಗೆ ಒತ್ತಡ ಏರುತ್ತದೆ. ಚಿಕಿತ್ಸೆಗೆ ಅತಿ ಚೆನ್ನಾಗಿ ಸ್ಪಂದಿಸುವುದು ಇದೇ. ಟೈಪ್ 3ರಲ್ಲಿ ನಾಳ ಅಲ್ಲಲ್ಲಿ ಸೆಟೆದು ಹಿಂಡುತ್ತದೆ, ಎದೆನೋವು ಜಾಸ್ತಿ.

ಹಂತ 3: ಪೋಯೆಮ್ ನಿಮಗೆ ಸರಿಯೇ?

ಬಿಗಿ ತೆಗೆಯಲು ದಾರಿಗಳು ಹಲವು. ಜರ್ಮನಿಯ ಸರ್ಜನ್ ಅರ್ನ್ಸ್ಟ್ ಹೆಲ್ಲರ್ 1913ರಲ್ಲಿ ಹೊರಗಿನಿಂದ ಈ ಸ್ನಾಯುವನ್ನು ಸೀಳಿದರು. ಇಂದು ಹೆಲ್ಲರ್ ಆಪರೇಷನ್ನನ್ನು ಲ್ಯಾಪ್ರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಯ ಮೇಲೆ ಸಣ್ಣ ತೂತುಗಳ ಮೂಲಕ ಮಾಡುತ್ತಾರೆ. ಜೊತೆಗೆ ಜಠರದ ಹುಳಿ (ಆ್ಯಸಿಡ್) ಮೇಲೆ ಬಾರದಂತೆ ಅದರ ಮೇಲ್ಭಾಗವನ್ನು ಮಡಚಿ ಹೊಲಿಯುತ್ತಾರೆ. ಬಲೂನ್ ಚಿಕಿತ್ಸೆಯಲ್ಲಿ 30, 35 ಅಥವಾ 40 ಮಿ.ಮೀ. ಅಗಲದ ಬಲೂನನ್ನು ಉಬ್ಬಿಸಿ ಬಿಗಿಯನ್ನು ಹಿಗ್ಗಿಸುತ್ತಾರೆ. ಇದನ್ನು ಮತ್ತೆ ಮತ್ತೆ ಮಾಡಬೇಕಾಗಬಹುದು. ಬೊಟಾಕ್ಸ್ ಇಂಜೆಕ್ಷನ್ ಕೆಲವು ತಿಂಗಳು ಮಾತ್ರ ಕೆಲಸ ಮಾಡುತ್ತದೆ. ಆಪರೇಷನ್ ತಡೆದುಕೊಳ್ಳಲಾಗದ ವಯಸ್ಸಾದವರಿಗೆ ಅದು ಸರಿ, ಗಟ್ಟಿಮುಟ್ಟಾದ ಯುವಕರಿಗೆ ಅಲ್ಲ.

ಪೋಯೆಮ್ ಬಂದದ್ದು ಜಪಾನಿನಿಂದ. ಅದಕ್ಕೆ ಮುಂಚೆ ಅಮೆರಿಕದಲ್ಲಿ ವೈದ್ಯ ಪಂಕಜ್ ಪಸ್ರಿಚಾ ಮತ್ತು ಸಂಗಡಿಗರು 2007ರಲ್ಲಿ ಹಂದಿಗಳ ಮೇಲೆ ಈ ಉಪಾಯ ಮಾಡಿ ತೋರಿಸಿದ್ದರು. 2008ರಲ್ಲಿ ಜಪಾನಿನ ವೈದ್ಯ ಹರುಹಿರೊ ಇನೌಯೆ ಮನುಷ್ಯರಲ್ಲಿ ಮೊದಲ ಬಾರಿಗೆ ಮಾಡಿದರು. ಅಲ್ಲಿಂದ ಜಗತ್ತಿಗೆಲ್ಲ ಹರಡಿತು. ನಮ್ಮ ಪಕ್ಕದ ಹೈದರಾಬಾದಿನ ಏಷ್ಯನ್ ಇನ್ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೊಎಂಟರಾಲಜಿಯಲ್ಲಿ ನೂರಾರು ರೋಗಿಗಳಿಗೆ ಪೋಯೆಮ್ ಮಾಡಿ ಫಲಿತಾಂಶ ಪ್ರಕಟಿಸಿದ್ದಾರೆ.

ಯಾವುದು ಉತ್ತಮ? 2019ರಲ್ಲಿ ಎರಡು ದೊಡ್ಡ ಹೋಲಿಕೆ ಅಧ್ಯಯನಗಳು ಬಂದವು. ಒಂದರಲ್ಲಿ ಪೋಯೆಮ್ ಮತ್ತು ಬಲೂನ್ ಹೋಲಿಸಿದರು. ಎರಡು ವರ್ಷದ ನಂತರ ಪೋಯೆಮ್ ಆದವರಲ್ಲಿ ನೂರಕ್ಕೆ 92 ಮಂದಿ ಚೆನ್ನಾಗಿದ್ದರು, ಬಲೂನಿನಲ್ಲಿ 54. ಇನ್ನೊಂದರಲ್ಲಿ ಪೋಯೆಮ್ ಮತ್ತು ಹೆಲ್ಲರ್. ಇಲ್ಲಿ ಹೆಚ್ಚುಕಡಿಮೆ ಸಮ: 83 ಮತ್ತು 82. ಆದರೆ ಎರಡು ವರ್ಷದ ಹೊತ್ತಿಗೆ ಹುಳಿಯಿಂದ ಅನ್ನನಾಳ ಹುಣ್ಣಾದವರು ಪೋಯೆಮ್ ಗುಂಪಿನಲ್ಲಿ ನೂರಕ್ಕೆ 44, ಹೆಲ್ಲರ್ ಗುಂಪಿನಲ್ಲಿ 29. ಪೋಯೆಮ್‌ನಲ್ಲಿ ಬಾಗಿಲು ತೆರೆಯುತ್ತಾರೆ, ಹುಳಿಗೆ ತಡೆ ಕಟ್ಟುವುದಿಲ್ಲ. ಈ ಬೆಲೆಯನ್ನು ತಿಳಿದೇ ಒಪ್ಪಬೇಕು.

ನನ್ನ ಅಭಿಪ್ರಾಯ ಹೇಳುವುದಾದರೆ, ಟೈಪ್ 3 ಇದ್ದವರಿಗೆ ಪೋಯೆಮ್ ಮೊದಲ ಆಯ್ಕೆಯಾಗಬೇಕು. ಸೆಟೆದ ಭಾಗ ಎಷ್ಟು ಮೇಲಿದ್ದರೂ ಒಳಗಿನಿಂದ ಅಲ್ಲಿವರೆಗೆ ಸೀಳಬಹುದು, ಹೊಟ್ಟೆಯ ಕಡೆಯಿಂದ ಹೋಗುವ ಸರ್ಜನ್‌ಗೆ ಅದು ಎಟುಕುವುದಿಲ್ಲ. ಮೊದಲೇ ಹೆಲ್ಲರ್ ಆಗಿ ತೊಂದರೆ ಮರುಕಳಿಸಿದವರಿಗೂ ಇದು ಒಳ್ಳೆಯ ದಾರಿ. ದೊಡ್ಡ ಹಯಾಟಸ್ ಹರ್ನಿಯಾ (ಜಠರದ ಮೇಲ್ಭಾಗ ಎದೆಯೊಳಗೆ ಜಾರುವುದು) ಇದ್ದವರು, ಮೊದಲೇ ಹುಳಿಯ ತೊಂದರೆ ಇದ್ದವರು ಹೆಲ್ಲರ್ ಬಗ್ಗೆ ಸರ್ಜನ್ ಹತ್ತಿರವೂ ಮಾತಾಡಲಿ. ಟೈಪ್ 1, 2ರಲ್ಲಿ ಎರಡೂ ಸರಿಯೇ. ಅಲ್ಲಿ ನಿಮ್ಮ ಕೈಗೆಟುಕುವ ಆಸ್ಪತ್ರೆಯಲ್ಲಿ ಯಾರ ಕೈ ಯಾವುದರಲ್ಲಿ ಪಳಗಿದೆ ಎಂಬುದೇ ದೊಡ್ಡ ಮಾತು.

ಹಾಗಾಗಿ ಕೇಳಲು ನಾಚಿಕೆ ಬೇಡ. "ಡಾಕ್ಟ್ರೇ, ನೀವೇ ಮಾಡ್ತೀರಾ? ಇಲ್ಲಿವರೆಗೆ ಎಷ್ಟು ಮಾಡಿದ್ದೀರಿ? ಏನಾದರೂ ಆದರೆ ಸರ್ಜನ್ ಇಲ್ಲೇ ಇರ್ತಾರಾ?" ಒಳ್ಳೆಯ ಡಾಕ್ಟರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಖರ್ಚಿನ ಅಂದಾಜನ್ನು ಬರಹದಲ್ಲಿ ತೆಗೆದುಕೊಳ್ಳಿ. ಕ್ಲಿಪ್, ನೈಫ್, ಅನಸ್ತೇಶಿಯಾ ಎಲ್ಲ ಸೇರಿದೆಯೇ ನೋಡಿ. ವಿಮೆ ಅಥವಾ ಸರ್ಕಾರಿ ಆರೋಗ್ಯ ಕಾರ್ಡ್ ಇದ್ದರೆ, ಅಡ್ಮಿಟ್ ಆಗುವ ಮೊದಲೇ ಪೋಯೆಮ್ ಎಂಬ ಹೆಸರು ಹೇಳಿ ಒಪ್ಪಿಗೆ ಸಿಗುತ್ತದೆಯೇ ಎಂದು ವಿಚಾರಿಸಿ.

ಹಂತ 4: ಹಿಂದಿನ ದಿನಗಳು

ಬೇರೆ ಎಂಡೋಸ್ಕೋಪಿಗೆ ರಾತ್ರಿ ಉಪವಾಸ ಸಾಕು. ಇಲ್ಲಿ ಸಾಲದು. ಅಕಲೇಸಿಯಾ ಇದ್ದವರ ಅನ್ನನಾಳದಲ್ಲಿ ನಿನ್ನೆಯ ಅನ್ನ ಇವತ್ತೂ ಇರಬಹುದು. ಅನಸ್ತೇಶಿಯಾ ಕೊಡುವಾಗ ಅದು ಶ್ವಾಸಕೋಶಕ್ಕೆ ನುಗ್ಗಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಎರಡು ಮೂರು ದಿನ ಮೊದಲಿನಿಂದ ನೀರಾದ ಆಹಾರವನ್ನಷ್ಟೇ ಕೊಡಲು ಹೇಳುತ್ತಾರೆ. ಹಿಂದಿನ ದಿನ ತಿಳಿ ದ್ರವ ಮಾತ್ರ: ಎಳನೀರು, ಸೋಸಿದ ಬೇಳೆಕಟ್ಟು, ಸಕ್ಕರೆ ನೀರು. ಎಷ್ಟು ದಿನ, ಯಾವ ಹೊತ್ತಿನಿಂದ ಏನೂ ಕುಡಿಯಬಾರದು ಎಂಬುದನ್ನು ನಿಮ್ಮ ಆಸ್ಪತ್ರೆ ಹೇಳಿದ ಹಾಗೆಯೇ ಪಾಲಿಸಿ. "ಒಂದು ಇಡ್ಲಿ ತಾನೇ" ಎಂದು ಮನೆಯವರು ಕರುಣೆ ತೋರಿಸುವುದು ಬೇಡ. ತಿಂದಿದ್ದರೆ ಮುಚ್ಚಿಡದೆ ಹೇಳಿ.

ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ ಭೇಟಿಯಲ್ಲೇ ತಿಳಿಸಿ. ನೀವೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರೆ ಹೃದಯದ ಡಾಕ್ಟರನ್ನೂ ಕೇಳಬೇಕು. ಸಕ್ಕರೆ ಕಾಯಿಲೆಯವರು ದ್ರವಾಹಾರದ ದಿನಗಳಲ್ಲಿ ಇನ್ಸುಲಿನ್, ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು ಎಂದು ಬರೆಸಿಕೊಳ್ಳಿ. ನಿಂತ ಆಹಾರದಿಂದ ಕೆಲವರ ಅನ್ನನಾಳದಲ್ಲಿ ಫಂಗಸ್ ಬೆಳೆದಿರುತ್ತದೆ. ಅದಿದ್ದರೆ ಮೊದಲು ಅದಕ್ಕೆ ಔಷಧಿ ಕೊಟ್ಟು, ಆಮೇಲೆ ಪೋಯೆಮ್.

ಹಂತ 5: ಒಳಗೆ ಏನು ನಡೆಯುತ್ತದೆ

ಪೂರ್ತಿ ಅನಸ್ತೇಶಿಯಾ ಕೊಟ್ಟು, ಶ್ವಾಸನಾಳಕ್ಕೆ ಟ್ಯೂಬ್ ಹಾಕಿರುತ್ತಾರೆ. ರೋಗಿಗೆ ಏನೂ ಗೊತ್ತಾಗುವುದಿಲ್ಲ. ಆದರೂ ತಿಳಿದುಕೊಳ್ಳುವುದು ಒಳ್ಳೆಯದು, ಭಯ ಕಡಿಮೆಯಾಗುತ್ತದೆ.

ಅನ್ನನಾಳದ ಗೋಡೆ ಅಜ್ಜಿ ಹೊಲಿದ ಕೌದಿಯ ಹಾಗೆ ಪದರ ಪದರವಾಗಿದೆ. ಒಳಗೆ ಮೆತ್ತನೆಯ ಒಳಪದರ, ಹೊರಗೆ ಸ್ನಾಯು, ನಡುವೆ ಸಡಿಲವಾದ ತೆಳು ಪದರ. ಪೋಯೆಮ್‌ನ ಜಾಣತನ ಇರುವುದು ಈ ನಡುವಿನ ಪದರವನ್ನು ದಾರಿಯಾಗಿ ಬಳಸುವುದರಲ್ಲಿ.

ಮೊದಲು ಎಂಡೋಸ್ಕೋಪ್ ಇಳಿಸಿ ಅನ್ನನಾಳವನ್ನು ತೊಳೆಯುತ್ತಾರೆ. ಎಂಡೋಸ್ಕೋಪಿನ ತುದಿಗೆ ಪಾರದರ್ಶಕ ಕ್ಯಾಪ್ ಇರುತ್ತದೆ. ಉಬ್ಬಿಸಲು ಗಾಳಿಯ ಬದಲು ಇಂಗಾಲದ ಡೈಆಕ್ಸೈಡ್ ಬಳಸುತ್ತಾರೆ, ಯಾಕೆಂದರೆ ಅದು ಹೊರಗೆ ಸೋರಿದರೂ ದೇಹ ಬೇಗ ಹೀರಿಕೊಳ್ಳುತ್ತದೆ.

ಜಠರದ ಬಾಯಿಗಿಂತ ಸುಮಾರು 10ರಿಂದ 15 ಸೆಂ.ಮೀ. ಮೇಲೆ, ಒಳಪದರದ ಕೆಳಗೆ ನೀಲಿ ಬಣ್ಣ ಬೆರೆಸಿದ ಸಲೈನ್ ಚುಚ್ಚುತ್ತಾರೆ. ಅಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆಯ ಮೇಲೆ ಸುಮಾರು 2 ಸೆಂ.ಮೀ. ಸೀಳು ಹಾಕಿ, ಎಂಡೋಸ್ಕೋಪನ್ನೇ ಪದರಗಳ ನಡುವೆ ತೂರಿಸುತ್ತಾರೆ. ಕರೆಂಟಿನಿಂದ ಕೆಲಸ ಮಾಡುವ ಸಣ್ಣ ನೈಫಿನಲ್ಲಿ ನಡುವಿನ ಪದರವನ್ನು ಬಿಡಿಸುತ್ತಾ, ಮತ್ತೆ ನೀಲಿ ದ್ರವ ಚುಚ್ಚುತ್ತಾ, ಸುರಂಗ ಕೊರೆಯುತ್ತಾ ಕೆಳಗೆ ಸಾಗುತ್ತಾರೆ. ಸುರಂಗ ಜಠರದ ಒಳಗೆ 2-3 ಸೆಂ.ಮೀ. ಹೋಗಬೇಕು. ಅಷ್ಟು ದೂರ ಹೋಗದಿದ್ದರೆ ಬಿಗಿ ಉಳಿದುಬಿಡುತ್ತದೆ. ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಈ ಭಾಗ. ಬಿಗಿದ ಜಾಗದಲ್ಲಿ ಸುರಂಗ ಇಕ್ಕಟ್ಟಾಗುತ್ತದೆ, ರಕ್ತನಾಳಗಳು ಅಡ್ಡ ಬರುತ್ತವೆ. ಅವುಗಳನ್ನು ಸುಟ್ಟು ಮುಚ್ಚಿ ಮುಂದೆ ಹೋಗಬೇಕು. ಒಳಪದರಕ್ಕೆ ತೂತು ಬೀಳಬಾರದು, ಸೋರಿಕೆ ತಡೆಯುವ ಗೋಡೆ ಅದೊಂದೇ.

ಆಮೇಲೆ ಸ್ನಾಯು ಸೀಳುವುದು. ಸುರಂಗದ ಬಾಯಿಗಿಂತ 2-3 ಸೆಂ.ಮೀ. ಕೆಳಗಿನಿಂದ ಶುರುಮಾಡಿ ಜಠರದವರೆಗೆ, ಮುಖ್ಯವಾಗಿ ಒಳಗಿನ ವೃತ್ತಾಕಾರದ ಸ್ನಾಯುವನ್ನು ಕತ್ತರಿಸುತ್ತಾ ಹೋಗುತ್ತಾರೆ. ಟೈಪ್ 3ರಲ್ಲಿ ಸೀಳು ಉದ್ದ. ಟೈಪ್ 1, 2ಕ್ಕೆ ಗಿಡ್ಡ ಸೀಳೂ ಸಾಕಾಗುತ್ತದೆ. ಕೊನೆಗೆ ಎಂಡೋಸ್ಕೋಪ್ ಸಲೀಸಾಗಿ ಜಠರಕ್ಕೆ ಇಳಿಯುತ್ತದೆಯೇ ನೋಡಿ, ಸುರಂಗದ ಬಾಯಿಯನ್ನು ಸಣ್ಣ ಲೋಹದ ಕ್ಲಿಪ್‌ಗಳಿಂದ ಮುಚ್ಚುತ್ತಾರೆ. ಸೀಳಿದ ಸ್ನಾಯು ಮತ್ತು ಮುಚ್ಚಿದ ಬಾಯಿ ಬೇರೆ ಬೇರೆ ಎತ್ತರದಲ್ಲಿ ಇರುವುದರಿಂದ ಆಹಾರ ಹೊರಗೆ ಸೋರುವುದಿಲ್ಲ. ಕ್ಲಿಪ್‌ಗಳು ಗಾಯ ಮಾಗಿದ ಮೇಲೆ ತಾವೇ ಬಿದ್ದು ಮಲದಲ್ಲಿ ಹೋಗುತ್ತವೆ. ಅಷ್ಟರೊಳಗೆ ಎಂ.ಆರ್.ಐ. ಮಾಡಿಸಬೇಕಾದರೆ ಕ್ಲಿಪ್ ಇದೆ ಎಂದು ಮರೆಯದೆ ಹೇಳಿ.

ಹಂತ 6: ಆಸ್ಪತ್ರೆಯಲ್ಲಿ, ಆಮೇಲೆ ಮನೆಯಲ್ಲಿ

ಅವತ್ತು ಬಾಯಿಗೆ ಏನೂ ಇಲ್ಲ. ಎದೆ, ಬೆನ್ನಿನಲ್ಲಿ ಸ್ವಲ್ಪ ನೋವು ಸಹಜ. ಕುತ್ತಿಗೆಯ ಚರ್ಮ ಒತ್ತಿದರೆ ಚರಚರ ಎನ್ನಬಹುದು. ಸೋರಿದ ಅನಿಲ ಅದು, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕರಗುತ್ತದೆ. ಮರುದಿನ ಬಹಳ ಕಡೆ ನೀರಿನಲ್ಲಿ ಕರಗುವ ಬಣ್ಣ ಕುಡಿಸಿ ಎಕ್ಸ್‌ರೇ ತೆಗೆದು, ಸೋರಿಕೆ ಇಲ್ಲ ಎಂದು ಖಚಿತ ಮಾಡಿಕೊಂಡು ನೀರು ಕೊಡುತ್ತಾರೆ. ಕೆಲವು ದಿನಗಳಲ್ಲಿ ಮನೆಗೆ.

ಊಟ ಮೆಲ್ಲಗೆ ಏರಲಿ. ಮೊದಲು ಮಜ್ಜಿಗೆ, ರಾಗಿ ಅಂಬಲಿ, ತಿಳಿಸಾರು. ಆಮೇಲೆ ಮೆತ್ತನೆಯ ಮೊಸರನ್ನ, ಬೇಯಿಸಿ ಹಿಸುಕಿದ ತರಕಾರಿ, ಹಾಲಿನಲ್ಲಿ ನೆನೆಸಿದ ಇಡ್ಲಿ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಮಾಮೂಲಿ ಊಟಕ್ಕೆ ಬರಬಹುದು, ಡಾಕ್ಟರು ಒಪ್ಪಿದ ಮೇಲೆ. ಮುದ್ದೆಯನ್ನು ಕೊನೆಗೆ ಇಡಿ, ಸಣ್ಣ ತುತ್ತು ಮಾಡಿ, ಸಾರು ಜಾಸ್ತಿ ಇರಲಿ. ಒಣ ಚಪಾತಿ, ಗಟ್ಟಿ ಮಾಂಸ ಚೆನ್ನಾಗಿ ಅಗಿದು ತಿನ್ನಬೇಕು. ನೆಟ್ಟಗೆ ಕೂತು ಉಣ್ಣಿ, ನಡುನಡುವೆ ನೀರು ಕುಡಿಯಿರಿ, ಉಂಡ ಮೇಲೆ ಮೂರು ಗಂಟೆ ಮಲಗಬೇಡಿ. ಅನ್ನನಾಳ ತಾನಾಗಿ ತಳ್ಳುವುದಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಜ್ವರ ಬಂದರೆ, ಎದೆನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಉಸಿರಾಟ ಕಷ್ಟವಾದರೆ, ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ಬೆಳಗಾಗಲಿ ಎಂದು ಕಾಯಬೇಡಿ. ಪೋಯೆಮ್ ಮಾಡಿದ ಆಸ್ಪತ್ರೆಗೇ ಹೋಗಿ. ದೂರವಿದ್ದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ ಡಿಸ್ಚಾರ್ಜ್ ಪತ್ರ ತೋರಿಸಿ. ಗಂಭೀರ ತೊಂದರೆ ಅಪರೂಪ, ಆದರೆ ಸೋರಿಕೆಯಾದರೆ ಗಂಟೆಗಳೂ ಮುಖ್ಯ.

ಹಂತ 7: ಹುಳಿಯ ಮೇಲೆ ಕಣ್ಣಿಡಿ

ಇದನ್ನು ಒತ್ತಿ ಹೇಳಬೇಕು. ಊಟ ಸಲೀಸಾಗಿ ಇಳಿಯತೊಡಗಿದ ಸಂತೋಷದಲ್ಲಿ ಜನ ಆಸ್ಪತ್ರೆಯ ದಾರಿ ಮರೆಯುತ್ತಾರೆ. ತೆರೆದ ಬಾಗಿಲಿನಿಂದ ಜಠರದ ಹುಳಿ ಮೇಲೆ ಬರುತ್ತಿರುತ್ತದೆ. ಎದೆಯುರಿ ಇದ್ದರೆ ಗೊತ್ತಾಗುತ್ತದೆ. ಬಹಳ ಜನರಿಗೆ ಉರಿಯೇ ಇರುವುದಿಲ್ಲ, ಒಳಗೆ ಮಾತ್ರ ಹುಣ್ಣಾಗುತ್ತಿರುತ್ತದೆ. ಹಾಗಾಗಿ "ಏನೂ ಇಲ್ಲ ಡಾಕ್ಟ್ರೇ" ಎಂದು ಹುಳಿಯ ಮಾತ್ರೆ ನಿಲ್ಲಿಸುವುದು ಸರಿಯಲ್ಲ. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಬೇಕು, ತಿಂಡಿಯ ನಂತರ ನುಂಗಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟು ಕಾಲ ಬೇಕು ಎಂಬುದನ್ನು ಎಂಡೋಸ್ಕೋಪಿ ನೋಡಿ ತೀರ್ಮಾನಿಸುತ್ತಾರೆ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ. ತಂಬಾಕು, ಹೆಂಡ ಬಿಡಿ.

ಎರಡು ಮೂರು ತಿಂಗಳ ನಂತರ ಎಕಾರ್ಟ್ ಅಂಕ ಮತ್ತೆ ಹಾಕಿ, ಟೈಮ್ಡ್ ಬೇರಿಯಂ ಮಾಡಿಸಿ, ಹಳೆಯ ಚಿತ್ರದ ಪಕ್ಕ ಇಟ್ಟು ನೋಡಿ. ಹುಳಿಯ ಹುಣ್ಣು ನೋಡಲು ಎಂಡೋಸ್ಕೋಪಿ ಯಾವಾಗ ಎಂದು ಡಿಸ್ಚಾರ್ಜ್ ದಿನವೇ ಬರೆಸಿಕೊಳ್ಳಿ. ಕೆಲವು ವರ್ಷಗಳ ನಂತರ ತುತ್ತು ಮತ್ತೆ ಸಿಕ್ಕಿಕೊಳ್ಳತೊಡಗಿದರೆ ಎದೆಗುಂದಬೇಡಿ. ಬಲೂನ್ ಮಾಡಬಹುದು, ಬೇರೆ ಬದಿಯಿಂದ ಇನ್ನೊಮ್ಮೆ ಪೋಯೆಮ್ ಮಾಡಬಹುದು, ಹೆಲ್ಲರ್ ಕೂಡ ಇದೆ.

ಈ ಸುರಂಗದ ಉಪಾಯ ಈಗ ಬೇರೆ ಕಡೆಗೂ ಹೋಗಿದೆ. ಜಠರ ಖಾಲಿಯಾಗದೆ ವಾಂತಿಯಿಂದ ನರಳುವವರಲ್ಲಿ, ಬೇರೆ ಚಿಕಿತ್ಸೆ ಫಲಿಸದಿದ್ದರೆ, ಜಠರದ ಕೆಳಬಾಗಿಲಿನ ಸ್ನಾಯು ಸೀಳುವ ಜಿ-ಪೋಯೆಮ್ ಇದೆ. ಗಂಟಲ ಹತ್ತಿರ ಚೀಲದಂತೆ ಉಬ್ಬುವ ಝೆಂಕರ್ ತೊಂದರೆಗೆ ಝಡ್-ಪೋಯೆಮ್ ಇದೆ. ಗೋಡೆಯೊಳಗಿನ ಸಣ್ಣ ಗೆಡ್ಡೆಗಳನ್ನೂ ಇದೇ ದಾರಿಯಲ್ಲಿ ತೆಗೆಯುತ್ತಾರೆ. ನುಂಗುವ ತೊಂದರೆಗೆ ನಿಮಗೆ ಇವುಗಳಲ್ಲಿ ಯಾವುದನ್ನಾದರೂ ಸೂಚಿಸಿದರೆ, ಮೇಲೆ ಹೇಳಿದ ಪ್ರಶ್ನೆಗಳನ್ನೇ ಕೇಳಿ.

ಕೊನೆಯ ಒಂದು ಕೆಲಸ. ಒಂದು ಫೈಲ್ ಮಾಡಿ. ಮ್ಯಾನೊಮೆಟ್ರಿಯ ಬಣ್ಣದ ಪ್ರಿಂಟ್, ಬೇರಿಯಂ ಫಿಲ್ಮ್‌ಗಳು, ಸೀಳು ಯಾವ ಬದಿಗೆ ಎಷ್ಟು ಉದ್ದ ಎಂದು ಬರೆದ ಪೋಯೆಮ್ ರಿಪೋರ್ಟ್, ಅಂಕ ಹಾಕಿದ ಕಾಗದ ಎಲ್ಲ ಅದರಲ್ಲಿರಲಿ. ಬಹಳ ವರ್ಷ ಅಕಲೇಸಿಯಾ ಇದ್ದವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಕಾಯಿಲೆ ಶುರುವಾಗಿ 10 ವರ್ಷ ದಾಟಿದ ಮೇಲೆ, ತುತ್ತು ಚೆನ್ನಾಗಿ ಇಳಿಯುತ್ತಿದ್ದರೂ, ಎಷ್ಟು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಬೇಕು ಎಂದು ನೀವೇ ಕೇಳಿ. ಆಗ ನಿಮ್ಮನ್ನು ನೋಡುವ ಡಾಕ್ಟರು ಬೇರೆಯವರಿರಬಹುದು. ಅವರಿಗೆ ಆ ಫೈಲ್ ಬೇಕಾಗುತ್ತದೆ.